ನೋಟಿಸ್ ಓದುವ ಎಮ್ಮೆ

ಪ್ರಶ್ನೆ: ಮನೆ ಸಾಲದ ಕಂತು ಕಟ್ಟಲಾಗಿಲ್ಲ. ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ. ಓಣಿಯವರೆಲ್ಲ ನಿಂತು ಓದುತ್ತಾರೆ. ಮಗ ಪಕ್ಕದ ಗೋಡೆಯ ಮೇಲೆ ಕನ್ನಡಕ ಹಾಕಿಕೊಂಡು ನೋಟಿಸ್ ಓದುವ ಎಮ್ಮೆಯ ಚಿತ್ರ ಬರೆದಿದ್ದಾನೆ. ಅಳಿಸಲೇ?
– ಓದುಗರು, ದೇವಸುಗೂರು

ಉತ್ತರ: ಅಳಿಸಬೇಡಿ ತಾಯಿ. ಎಮ್ಮೆ ಯಾರೆಂದು ಓಣಿಯವರಿಗೆ ಗೊತ್ತಾದರೂ ಬಾಯಿಬಿಟ್ಟು ಹೇಳಿಕೊಳ್ಳುವಂತಿಲ್ಲ! ನಮ್ಮ ಕಡೆಯ ದೊಡ್ಡಾಟದಲ್ಲಿ ಸಾರಥಿ ರಾಜನನ್ನೇ ಎದುರು ನಿಂತು ಛೇಡಿಸುತ್ತಾನಲ್ಲ, ಮಗನೂ ಸಾಲವನ್ನು, ಬೇಕಾದರೆ ನಿಮ್ಮನ್ನೇ ಛೇಡಿಸಲಿ. ಬ್ಯಾಂಕ್ ಅಧಿಕಾರಿಯ ಹೆಸರು, ಮುಖ ಮಾತ್ರ ಬೇಡ; ಮಾನನಷ್ಟದ ಕೇಸು ಮೈಮೇಲೆ ಬಂದೀತು. ನೋಟಿಸಿನ ಕಾಗದದ ಮೇಲೆ ಗೆರೆ ಎಳೆಯುವುದು, ಕಿತ್ತುಹಾಕುವುದು ಕೂಡ ಬೇಡ.

ಇನ್ನು, ಎಮ್ಮೆ ಓದುತ್ತಿರುವುದನ್ನು ನೀವೂ ಓದಿ. ಬ್ಯಾಂಕುಗಳ ಸಾಲ ವಸೂಲಿಗಿರುವ 2002ರ ಸರ್ಫೇಸಿ ಕಾಯ್ದೆಯಡಿ ಮೊದಲು ಬರುವುದು 60 ದಿನಗಳ ಗಡುವಿನ ಬೇಡಿಕೆ ನೋಟಿಸ್. ಅದಕ್ಕೆ ಲಿಖಿತ ಆಕ್ಷೇಪ ಕೊಟ್ಟರೆ, ಒಪ್ಪದ ಬ್ಯಾಂಕು 15 ದಿನದಲ್ಲಿ ಕಾರಣ ತಿಳಿಸಬೇಕು. ಬಾಗಿಲಲ್ಲಿರುವುದು ಸ್ವಾಧೀನದ ನೋಟಿಸಾಗಿದ್ದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹರಾಜು ಪ್ರಕಟಣೆಗೆ ಮುಂಚೆ ಖರ್ಚುಸಹಿತ ಬಾಕಿ ತೀರಿಸಿದರೆ ಮನೆ ಉಳಿಯುತ್ತದೆ. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ನೋಟಿಸು, ಸಾಲದ ಪತ್ರ, ಕಂತಿನ ರಸೀದಿಗಳನ್ನು ಹಿಡಿದು ಈ ವಾರವೇ ಹೋಗಿ. ಮಗನೂ ಜೊತೆಗಿರಲಿ, ವಕೀಲರು ಹೇಳಿದ ತಾರೀಖುಗಳನ್ನೆಲ್ಲ ಅವನೇ ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಲಿ.