ಉಪವಾಸದಲ್ಲಿ ತಲೆ ಸುತ್ತಿದರೆ ನೀರು ಕುಡಿಯಬಹುದೇ?

ಪ್ರಶ್ನೆ: ನನಗೀಗ 61 ವರ್ಷ. ಮದುವೆಯಾಗಿ ಬಂದಾಗಿನಿಂದ, ಅಂದ್ರೆ 38 ವರ್ಷದಿಂದ, ಅತ್ತೆಯವರು ಹೇಳಿಕೊಟ್ಟ ಹಾಗೆ ಏಕಾದಶಿ ಮಾಡ್ತಾ ಬಂದಿದ್ದೇನೆ. ದಶಮಿ ಮಧ್ಯಾಹ್ನ ಊಟ ಮಾಡಿದರೆ ಮತ್ತೆ ದ್ವಾದಶಿ ಬೆಳಿಗ್ಗೆಯೇ. ನಡುವೆ ನೀರೂ ಇಲ್ಲ. ಇದಲ್ಲದೆ ಸೋಮವಾರ, ಗುರುವಾರ, ಶನಿವಾರ ಒಪ್ಪೊತ್ತು. ಎರಡು ವರ್ಷದಿಂದ ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ಮಾತ್ರೆ ನಡೀತಾ ಇದೆ. ಹೋದ ಎರಡು ಏಕಾದಶಿಯಲ್ಲೂ ಸಂಜೆ ತುಳಸಿಕಟ್ಟೆಗೆ ದೀಪ ಹಚ್ಚಿ ಏಳುವಾಗ ಕಣ್ಣು ಕತ್ತಲಿಟ್ಟು ಮೈಯೆಲ್ಲ ಬೆವೆತುಬಿಟ್ಟಿತು. ಎರಡನೇ ಸಲ ಬಿದ್ದೇ ಬಿಟ್ಟೆ. ಮಗನಿಗೆ ಹೇಳಿಲ್ಲ. ಹೇಳಿದರೆ ಉಪವಾಸ ಬಿಡಿಸ್ತಾನೆ. ಅಂಥ ಹೊತ್ತಲ್ಲಿ ನೀರು ಕುಡಿದರೆ ವ್ರತಭಂಗವೇ? ಇಷ್ಟು ವರ್ಷದ ಫಲ ಹೋಗುತ್ತದೆಯೇ?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ತಾಯಿ, ಮೊದಲು ನೇರ ಉತ್ತರ. ನೀರು ಕುಡಿಯಬಹುದು. ಬರೀ ನೀರಲ್ಲ, ನಿಮ್ಮ ಸ್ಥಿತಿಯಲ್ಲಿ ಸಕ್ಕರೆ ಬೆರೆಸಿದ ನೀರನ್ನೇ ಕುಡಿಯಬೇಕು. ಅದರಿಂದ ವ್ರತಭಂಗವಿಲ್ಲ, ಹಿಂದಿನ ಫಲವೂ ಹೋಗುವುದಿಲ್ಲ. ಯಾಕೆ ಅಂತ ಈಗ ನೋಡೋಣ.

ವ್ರತವನ್ನು ಕೆಡಿಸದ ವಸ್ತುಗಳು ಎಂದು ಎಂಟನ್ನು ಹಿರಿಯರು ಎಣಿಸಿದ್ದಾರೆ. ನೀರು, ಗೆಡ್ಡೆ ಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧ. ಮಹಾಭಾರತದ ಉದ್ಯೋಗಪರ್ವದಲ್ಲೇ ಈ ಮಾತು ಬರುತ್ತದೆ. ಈ ಪಟ್ಟಿಯಲ್ಲಿ ನೀರು ಮೊದಲನೆಯದು, ಔಷಧ ಕೊನೆಯದು. ನಿಮಗೆ ಬೇಕಾದ ಎರಡೂ ಅದರಲ್ಲೇ ಇವೆ.

ಅಂಬರೀಷನ ಕಥೆ ನಿಮಗೆ ಗೊತ್ತೇ ಇದೆ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿದೆ. ಒಂದು ವರ್ಷದ ವ್ರತ ಮುಗಿಸಿ ಪಾರಣೆಗೆ ಕೂರುವ ಹೊತ್ತಿಗೆ ದೂರ್ವಾಸರು ಬಂದರು. ಸ್ನಾನಕ್ಕೆ ಹೋದವರು ಬೇಗ ತಿರುಗಿ ಬರಲಿಲ್ಲ. ದ್ವಾದಶಿ ಕಳೆದುಹೋಗುತ್ತಿದೆ. ಅತಿಥಿಯನ್ನು ಬಿಟ್ಟು ಉಣ್ಣುವ ಹಾಗಿಲ್ಲ, ಪಾರಣೆ ತಪ್ಪಿಸುವ ಹಾಗೂ ಇಲ್ಲ. ಆಗ ತಿಳಿದವರು ರಾಜನಿಗೆ ಹೇಳಿದ್ದು ಒಂದು ಗುಟುಕು ನೀರು ಕುಡಿ ಅಂತ. ನೀರು ಕುಡಿದರೆ ಉಂಡ ಹಾಗೂ ಆಯಿತು, ಉಣ್ಣದ ಹಾಗೂ ಆಯಿತು. ಅಷ್ಟು ದೊಡ್ಡ ಭಕ್ತನಿಗೂ ಇಕ್ಕಟ್ಟಿನಲ್ಲಿ ದಾರಿ ತೋರಿಸಿದ್ದು ನೀರೇ. ಆ ನೀರಿನಿಂದ ಅವನ ವ್ರತ ಕೆಡಲಿಲ್ಲ. ಋಷಿಯ ಕೋಪದಿಂದ ಅವನನ್ನು ಕಾಪಾಡಲು ಸುದರ್ಶನವೇ ಬಂತು.

ಇನ್ನೊಂದು ವಿಷಯ. ಏಕಾದಶಿಯ ಉಪವಾಸ ಎಂಟು ವರ್ಷ ದಾಟಿದವರಿಗೆ, ಎಂಬತ್ತು ತುಂಬದವರಿಗೆ ಎಂದು ಹೇಳುವ ಶಾಸ್ತ್ರವೇ ಅಶಕ್ತರಿಗೆ ಬೇರೆ ದಾರಿಯನ್ನೂ ಇಟ್ಟಿದೆ. ಒಪ್ಪೊತ್ತಿನ ಏಕಭುಕ್ತ, ರಾತ್ರಿ ಮಾತ್ರ ಸ್ವೀಕರಿಸುವ ನಕ್ತ, ಹಾಲು ಹಣ್ಣಿನ ಫಲಾಹಾರ, ಕೊನೆಗೆ ಮನೆಯವರೊಬ್ಬರು ನಿಮ್ಮ ಪರವಾಗಿ ಉಪವಾಸ ಮಾಡುವ ಪ್ರತಿನಿಧಿ ಕ್ರಮ. ನಿಮ್ಮ ಮಠದಲ್ಲಿ ಯಾವುದು ರೂಢಿಯೋ ಅದನ್ನು ಗುರುಗಳನ್ನು ಕೇಳಿ ಹಿಡಿಯಿರಿ. ಗುರುವಿನ ಮಾತೂ ಆ ಎಂಟರಲ್ಲಿ ಸೇರಿದೆ ಎಂಬುದನ್ನು ಮರೆಯಬೇಡಿ. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತ ಅತಿಯಾಗಿ ಉಣ್ಣುವವನಿಗೆ ಯೋಗವಿಲ್ಲ ಎಂದು ನಿಲ್ಲಿಸಲಿಲ್ಲ. ಏನೂ ಉಣ್ಣದವನಿಗೂ ಇಲ್ಲ ಎಂದ.

ಈಗ ನಿಮ್ಮ ತಲೆಸುತ್ತಿನ ವಿಷಯ. ನಾನು ವೈದ್ಯನಲ್ಲ. ಆದರೆ ನಿಮ್ಮ ಪತ್ರ ಓದಿ ಸುಮ್ಮನಿರಲಾಗಲಿಲ್ಲ, ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆ.

ದಶಮಿ ಮಧ್ಯಾಹ್ನದಿಂದ ದ್ವಾದಶಿ ಬೆಳಿಗ್ಗೆಗೆ ಸುಮಾರು 40 ಗಂಟೆ. ಅಷ್ಟು ಹೊತ್ತು ನೀರಿಲ್ಲದಿದ್ದರೆ ಮೈಯಲ್ಲಿನ ದ್ರವ ಇಳಿಯುತ್ತದೆ. ಬಗ್ಗಿ ದೀಪ ಹಚ್ಚಿ ಥಟ್ಟನೆ ಎದ್ದಾಗ ರಕ್ತ ಕಾಲಿನ ಕಡೆ ಇಳಿದು, ತಲೆಗೆ ಸಾಕಷ್ಟು ಏರುವುದಿಲ್ಲ. ಬಿ.ಪಿ. ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವಂಥದ್ದು ತೆಗೆದುಕೊಳ್ಳುವವರಿಗೆ ಇದು ಇನ್ನೂ ಬೇಗ ಆಗುತ್ತದೆ. ಕಣ್ಣು ಕತ್ತಲಿಡಲು ಇದೊಂದು ಕಾರಣ.

ಎರಡನೆಯದು ಇದಕ್ಕಿಂತ ಗಂಭೀರ. ನೀವು ಮೈಯೆಲ್ಲ ಬೆವೆತಿತು ಎಂದು ಬರೆದಿದ್ದೀರಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟವರಿಗೆ ಬೆವರು, ನಡುಕ, ಎದೆ ಡವಡವ, ಮಂಕು ಇವೆಲ್ಲ ರಕ್ತದ ಸಕ್ಕರೆ ತೀರಾ ಇಳಿದ ಗುರುತು. ಮನೆಯಲ್ಲಿ ಮಾಪನ ಯಂತ್ರವಿದ್ದು ಅದರಲ್ಲಿ 70ಕ್ಕಿಂತ ಕೆಳಗೆ ಬಂದರೆ ಆಗಲೇ ಉಪಚಾರ ಬೇಕು. 54ಕ್ಕಿಂತ ಕೆಳಗೆ ಹೋದರೆ ಅಪಾಯ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಭಯ ಹೆಚ್ಚು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳಲ್ಲಿ ಬೇರೆ ಅಪಾಯ. ದೀರ್ಘ ಉಪವಾಸದಲ್ಲಿ ಸಕ್ಕರೆ ಹೆಚ್ಚೇನೂ ಏರದೆಯೇ ರಕ್ತದಲ್ಲಿ ಆಮ್ಲ ಕೂಡಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಸೂಚನೆ. ಆದ್ದರಿಂದ ನಿಮ್ಮ ಮಾತ್ರೆಯ ಚೀಟಿ ಹಿಡಿದುಕೊಂಡು, ಮುಂದಿನ ಏಕಾದಶಿಗೆ ಮೊದಲೇ ವೈದ್ಯರನ್ನು ಕಾಣಿ. ಉಪವಾಸದ ದಿನ ಯಾವ ಮಾತ್ರೆ ಎಷ್ಟು ಎಂದು ಅವರೇ ಹೇಳಬೇಕು. ನೀವಾಗಿಯೇ ಮಾತ್ರೆ ಬಿಡುವುದೂ ಬೇಡ, ಬರೀ ಹೊಟ್ಟೆಯಲ್ಲಿ ಎಂದಿನಂತೆ ನುಂಗುವುದೂ ಬೇಡ.

ತಲೆ ಸುತ್ತಿದ ಹೊತ್ತಿಗೆ ಮಾಡಬೇಕಾದ್ದು ಇಷ್ಟು. ದೇವರ ಮುಂದೆ ಇದ್ದರೂ ಸರಿ, ಇದ್ದಲ್ಲೇ ಕೂತುಬಿಡಿ, ಸಾಧ್ಯವಾದರೆ ಮಲಗಿ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಉರಿಯುವ ದೀಪ, ಒಲೆ, ಬಾವಿಕಟ್ಟೆಯಿಂದ ದೂರ ಸರಿಯಿರಿ. ಮನೆಯವರನ್ನು ಕೂಗಿ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ. ಸುಧಾರಿಸಿದ ಮೇಲೆ ಏನಾದರೂ ತಿನ್ನಲೇಬೇಕು, ಇಲ್ಲವಾದರೆ ಸಕ್ಕರೆ ಮತ್ತೆ ಇಳಿಯುತ್ತದೆ. ಅವತ್ತಿನ ಉಪವಾಸ ಅಲ್ಲಿಗೆ ಸಾಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ತೀರ್ಥವನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಮನೆಯವರೆಲ್ಲ ತಿಳಿದಿರಲಿ:

• ಪ್ರಜ್ಞೆ ತಪ್ಪಿದರೆ, ಅಥವಾ ಬಿದ್ದು ತಲೆಗೆ ಪೆಟ್ಟಾದರೆ.
• ಎದೆನೋವು, ಉಸಿರಾಟದ ಕಷ್ಟ, ತಾಳ ತಪ್ಪಿದ ಎದೆಬಡಿತ ಇದ್ದರೆ.
• ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ.
• ಸಕ್ಕರೆ ನೀರು ಕುಡಿದ ಮೇಲೂ ಮಂಕು ಹೋಗದಿದ್ದರೆ.
• ವಾಂತಿ ನಿಲ್ಲದಿದ್ದರೆ, ಅಥವಾ ಮಲ ಡಾಂಬರಿನಂತೆ ಕಪ್ಪಾಗಿದ್ದರೆ.
• ಬಹಳ ಹೊತ್ತಿನಿಂದ ಮೂತ್ರವೇ ಆಗದಿದ್ದರೆ.

ಉಪವಾಸವಿಲ್ಲದ ದಿನವೂ ತಲೆ ಸುತ್ತುತ್ತಿದ್ದರೆ, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಆ ವಾರದಲ್ಲೇ ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಇನ್ನು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ತಕ್ಷಣ ಕೋಣೆಯೇ ಗಿರ್ರನೆ ತಿರುಗಿ ಕ್ಷಣದಲ್ಲಿ ನಿಂತರೆ ಅದು ಕಿವಿಯೊಳಗಿನ ತೊಂದರೆ ಇರಬಹುದು. ಎಲ್ಲ ತಲೆಸುತ್ತೂ ಹಸಿವಿನದ್ದಲ್ಲ, ಎಲ್ಲವೂ ಪಿತ್ತವೂ ಅಲ್ಲ.

ನಿಮ್ಮ ಲೆಕ್ಕ ಒಮ್ಮೆ ನೀವೇ ಹಾಕಿ. ವಾರಕ್ಕೆ ಮೂರು ಒಪ್ಪೊತ್ತು, ಮೇಲೆ ತಿಂಗಳಿಗೆ ಎರಡು ಏಕಾದಶಿ. ಶಾಸ್ತ್ರ ಹೇಳಿದ್ದು ಏಕಾದಶಿ. ಉಳಿದವು ನೀವು ಪ್ರೀತಿಯಿಂದ ಸೇರಿಸಿಕೊಂಡವು. ಪ್ರೀತಿಯಿಂದ ಸೇರಿಸಿಕೊಂಡದ್ದನ್ನು ದೇವರಿಗೆ ಹೇಳಿ ಇಳಿಸಬಹುದು. ಆ ದಿನಗಳಲ್ಲಿ ಅನ್ನ ಬಿಡುವ ಬದಲು ಒಂದು ಅಧ್ಯಾಯ ಪಾರಾಯಣ ಮಾಡಿ. ಉಪವಾಸ ಎಂದರೆ ಹತ್ತಿರ ವಾಸ ಮಾಡುವುದು. ನೀವು ಬಿದ್ದ ಆ ಸಂಜೆ ಮನಸ್ಸು ದೇವರ ಹತ್ತಿರ ಇತ್ತೋ, ಹೆದರಿಕೆಯ ಹತ್ತಿರ ಇತ್ತೋ?

ಕೊನೆಯ ಮಾತು, ಮಗನಿಗೆ ಇವತ್ತೇ ಹೇಳಿ. ಉಪವಾಸ ಬಿಡಿಸುವುದಕ್ಕಲ್ಲ, ಉಪವಾಸದ ದಿನ ನಿಮ್ಮ ಪಕ್ಕದಲ್ಲಿ ಒಬ್ಬರಿರುವುದಕ್ಕೆ. ಬೇಕಿದ್ದರೆ ಈ ಪುಟವನ್ನೇ ಅವನ ಕೈಗೆ ಕೊಡಿ. ದ್ವಾದಶಿಯ ಬೆಳಿಗ್ಗೆ ತೀರ್ಥ ತೆಗೆದುಕೊಂಡು, ಅಗಸೆ ಸೊಪ್ಪು, ನೆಲ್ಲಿಕಾಯಿ ಜೊತೆ ಮಿತವಾಗಿ ಪಾರಣೆ ಮಾಡಿ. ಹಸಿವಾಗಿದೆ ಅಂತ ಪಾಯಸಕ್ಕೆ ಮೊದಲು ಕೈ ಹಾಕಬೇಡಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಪ್ರತಿ ಸಂಕಷ್ಟಿಗೆ ಚಂದ್ರ ಕಾಣುವವರೆಗೆ ಏನೂ ತಗೊಳ್ಳುವುದಿಲ್ಲ. ಹೋದ ಸಲ ಮೋಡ ಕವಿದಿತ್ತು, ತಲೆ ತುಂಬಾ ಸುತ್ತಿತು. ಅರ್ಧಕ್ಕೆ ಬಿಟ್ಟರೆ ಮಗುವಿಗೆ ದೋಷವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದೋಷವಿಲ್ಲಮ್ಮ. ಗರ್ಭಿಣಿ, ಬಾಣಂತಿ, ರೋಗಿ, ಎಳೆಯ ಮಕ್ಕಳು ಇವರಿಗೆ ಕಠಿಣ ಉಪವಾಸದ ಬಲವಂತವಿಲ್ಲ. ಈಗ ನೀವೊಬ್ಬರೇ ಉಪವಾಸ ಇರುವುದಿಲ್ಲ, ಹೊಟ್ಟೆಯಲ್ಲಿರುವ ಮಗುವನ್ನೂ ಉಪವಾಸ ಕೂರಿಸುತ್ತೀರಿ. ಆ ಮಗು ಸಂಕಲ್ಪ ಮಾಡಿಲ್ಲ. ಹೆರಿಗೆಯಾಗಿ ಚೇತರಿಸಿಕೊಳ್ಳುವವರೆಗೆ ಹಗಲು ಎಂದಿನಂತೆ ಊಟ, ಹಾಲು, ಹಣ್ಣು, ನೀರು ತೆಗೆದುಕೊಂಡು ಸಂಜೆ ಗರಿಕೆ ಏರಿಸಿ ಗಣಪತಿಯ ಪೂಜೆ ಮಾಡಿ. ಮೋಡವಿದ್ದರೆ ಪಂಚಾಂಗದ ಚಂದ್ರೋದಯದ ಸಮಯ ನೋಡಿ ಅರ್ಘ್ಯ ಕೊಟ್ಟರೆ ಸಾಕು.

ತಲೆ ಸುತ್ತಿದ್ದನ್ನು ಮುಂದಿನ ತಪಾಸಣೆಯಲ್ಲಿ ಮರೆಯದೆ ಹೇಳಿ. ಗರ್ಭಿಣಿಯರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರಬಾರದು. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ತಲೆಸುತ್ತಿನ ಜೊತೆ ರಕ್ತಸ್ರಾವ, ತೀವ್ರ ಹೊಟ್ಟೆನೋವು ಅಥವಾ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇದರಲ್ಲಿ ಯಾವುದೊಂದಿದ್ದರೂ ತಪಾಸಣೆಯ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಮೊದಲು ಶುಕ್ರವಾರ ಮಾತ್ರ ಉಪವಾಸ ಮಾಡ್ತಿದ್ದಳು. ಈಗ ದಿನಕ್ಕೊಂದು ವ್ರತ ಅಂತಾಳೆ. ನವರಾತ್ರಿ ಮುಗಿದರೂ ಒಂದು ಲೋಟ ಹಾಲು, ಒಂದು ಹಣ್ಣು ಅಷ್ಟೇ. ಬಟ್ಟೆಗಳೆಲ್ಲ ಸಡಿಲವಾಗಿವೆ, ಮುಟ್ಟು ನಿಂತು ಮೂರು ತಿಂಗಳಾಯಿತು, ಬಸ್ಸಲ್ಲಿ ತಲೆ ಸುತ್ತಿ ಬಿದ್ದಳು. ದೇವರ ವಿಷಯ, ತಡೆಯುವುದು ಹೇಗೆ?
— ತಾಯಿಯೊಬ್ಬರು, ಬೆಂಗಳೂರು

ಉತ್ತರ: ಯಾವ ವ್ರತಕ್ಕೂ ಒಂದು ಸಂಕಲ್ಪ, ಒಂದು ನಿಯಮ, ಒಂದು ಪಾರಣೆ ಇರುತ್ತದೆ. ಶುರುವಾದ ದಿನವೇ ಮುಗಿಯುವ ದಿನವೂ ಗೊತ್ತಿರುತ್ತದೆ. ಪಾರಣೆಯೇ ಇಲ್ಲದ್ದು ವ್ರತವಲ್ಲ. ಹಾಗಾಗಿ ಇದನ್ನು ತಡೆದರೆ ದೇವರ ಕೆಲಸ ತಡೆದಂತಾಗುವುದಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶಾಸ್ತ್ರದಲ್ಲಿಲ್ಲದ ಘೋರ ತಪಸ್ಸಿನಿಂದ ದೇಹವನ್ನು ಕೃಶಗೊಳಿಸುವವರು ಒಳಗಿರುವ ತನ್ನನ್ನೂ ನೋಯಿಸುತ್ತಾರೆ ಎಂದು ಭಗವಂತನೇ ಹೇಳುತ್ತಾನೆ.

ನೀವು ಬರೆದ ಮೂರು ಗುರುತುಗಳು, ಅಂದರೆ ತೂಕ ಇಳಿದದ್ದು, ಮುಟ್ಟು ನಿಂತದ್ದು, ಬಿದ್ದದ್ದು, ಒಟ್ಟಿಗೆ ಬಂದಾಗ ಅದು ಕಾಯಿಲೆಯಾಗಿರುವ ಸಂಭವ ಹೆಚ್ಚು. ಊಟವನ್ನು ಕಂಡರೆ ಹೆದರುವ, ದಪ್ಪಗಾಗುತ್ತೇನೆಂದು ಅಂಜುವ ಕಾಯಿಲೆ ಇದೆ. ಅದಕ್ಕೆ ವ್ರತ ಒಳ್ಳೆಯ ಮರೆಯಾಗುತ್ತದೆ, ಯಾಕಂದ್ರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಬೈಯಬೇಡಿ, ಬಲವಂತವಾಗಿ ಬಾಯಿಗೆ ತುರುಕಬೇಡಿ, ಮದುವೆ ಮಾಡಿದರೆ ಸರಿಹೋಗುತ್ತಾಳೆ ಎನ್ನುವವರ ಮಾತೂ ಕೇಳಬೇಡಿ. "ನೀನು ಬಿದ್ದದ್ದು ನೋಡಿ ನನಗೆ ಹೆದರಿಕೆಯಾಗಿದೆ, ಒಮ್ಮೆ ವೈದ್ಯರ ಹತ್ತಿರ ಹೋಗಿ ಬರೋಣ" ಎಂದು ಹೇಳಿ ನೀವೇ ಜೊತೆಯಲ್ಲಿ ಹೋಗಿ. ಈ ವಾರವೇ ಹೋಗಿ. ಎದೆಬಡಿತ ತೀರಾ ನಿಧಾನವಾಗಿದ್ದರೆ, ಮತ್ತೆ ಪ್ರಜ್ಞೆ ತಪ್ಪಿದರೆ, ನೀರನ್ನೂ ಬಿಟ್ಟರೆ, ಅಥವಾ ಬದುಕು ಸಾಕು ಎಂಬ ಮಾತು ಬಾಯಿಂದ ಬಂದರೆ ಅದೇ ಗಳಿಗೆ ಆಸ್ಪತ್ರೆ. ಮನಸ್ಸಿನ ವಿಷಯ ಮಾತಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು.

ಒಂದು ಎಚ್ಚರ. ಬಹಳ ದಿನ ತೀರಾ ಕಡಿಮೆ ತಿಂದವರಿಗೆ ಒಮ್ಮೆಲೇ ಹಬ್ಬದೂಟ ಬಡಿಸಬಾರದು. ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯವಾಗಬಹುದು. ಊಟ ಹೇಗೆ ಹೆಚ್ಚಿಸಬೇಕೆಂದು ವೈದ್ಯರೇ ಹೇಳಲಿ.

ನಿಮ್ಮ ಮಗಳಿಗೆ ದೇವರ ಮೇಲೆ ನಿಜವಾದ ಭಕ್ತಿಯೂ ಇರಬಹುದು. ಅದನ್ನು ಕಿತ್ತುಕೊಳ್ಳಬೇಡಿ. ಮನೆಯಲ್ಲಿ ನೈವೇದ್ಯ ಮಾಡುವ ಕೆಲಸ ಅವಳಿಗೇ ವಹಿಸಿ. ದೇವರಿಗಿಟ್ಟ ಪ್ರಸಾದವನ್ನು ನೀವಿಬ್ಬರೂ ಜೊತೆಯಲ್ಲಿ ಕೂತು, ಆದಷ್ಟು ಸ್ವೀಕರಿಸಿ. ಮೊದಲ ದಿನ ಒಂದೇ ತುತ್ತಾದರೂ ಸರಿ.