ಹಾರ್ಟ್ ಫೇಲ್ಯೂರ್ ಇದ್ದವರ ಕ್ರಿಯಾಟಿನಿನ್ ಏಕೆ ಏರುತ್ತದೆ?

ಪ್ರಶ್ನೆ: ನಮ್ಮ ತಂದೆಗೆ ಹಾರ್ಟ್ ಫೇಲ್ಯೂರ್ ಇದೆ. ಈಗ ಕ್ರಿಯಾಟಿನಿನ್ 2.1ಕ್ಕೆ ಏರಿದೆ. ನೆಂಟರೆಲ್ಲ ‘ಕಿಡ್ನಿಗೆ ನೀರು ಸಾಲದು, ಚೆನ್ನಾಗಿ ಕುಡಿಸಿ’ ಅನ್ನುತ್ತಾರೆ. ಡಾಕ್ಟರು ನೀರು ಕಡಿಮೆ ಮಾಡಿಸಿ, ಮೂತ್ರ ಹೋಗುವ ಮಾತ್ರೆ ಹೆಚ್ಚಿಸಿದ್ದಾರೆ. ಯಾರ ಮಾತು ಕೇಳೋಣ?
– ಓದುಗರೊಬ್ಬರು, ಹೊಸದುರ್ಗ

ಉತ್ತರ: ಡಾಕ್ಟರ ಮಾತು ಕೇಳಿ. ವಾಂತಿ ಭೇದಿಯಾಗಿ ಸುಸ್ತಾದವರಿಗೆ, ಬಿಸಿಲಲ್ಲಿ ದುಡಿದು ಬಂದವರಿಗೆ ನಿಮ್ಮ ನೆಂಟರ ಮಾತು ಸರಿ. ತಂದೆಯವರ ಸ್ಥಿತಿ ಬೇರೆ.

ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಅದರಲ್ಲಿ ಹೆಚ್ಚುಕಡಿಮೆ 1 ಲೀಟರ್ ಕಿಡ್ನಿಗಳಿಗೇ ಹೋಗುತ್ತದೆ. ಹೃದಯ ಸೋತರೆ ಈ ಪಾಲು ಇಳಿಯುತ್ತದೆ. ಮೈಯಲ್ಲಿ ನೀರೇ ಇಲ್ಲವೆಂದು ಬಗೆದ ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಕಾಡುವುದು ಹಿಂದಿನಿಂದ ಬರುವ ಒತ್ತಡ. 1933ರ ನಂತರ ಮೊದಲ ಸಲ, 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿನ್ನೀರು ನಿಮ್ಮ ತಾಲ್ಲೂಕಿನ ಜಮೀನುಗಳಿಗೆ ನುಗ್ಗಿತ್ತಲ್ಲ, ಹಾಗೆ: ಹೃದಯ ಮುಂದೆ ದೂಡಲಾರದ ರಕ್ತ ಸಿರೆಗಳಲ್ಲಿ ತುಂಬಿ ನಿಲ್ಲುತ್ತದೆ. ಕಿಡ್ನಿಯ ಸಿರೆಯೂ ಬಿಗಿದು, ಸೋಸುವ ಕೆಲಸ ಕುಂದುತ್ತದೆ; ಸೋಸಿ ಹೊರಹೋಗಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತದೆ. ಅಂಥ ಕಿಡ್ನಿಗೆ ಇನ್ನಷ್ಟು ನೀರು ಕುಡಿಸಿದರೆ ಕಾಲು ಊದುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ತುಂಬಿದ ನೀರು ಮಾತ್ರೆಯಿಂದ ಇಳಿದಾಗ ಎಷ್ಟೋ ಮಂದಿಯಲ್ಲಿ ಕ್ರಿಯಾಟಿನಿನ್ ಕೂಡ ಇಳಿಯುತ್ತದೆ.

ತೊಂದರೆ ಅತ್ತಲಿಂದಲೂ ಶುರುವಾಗಬಹುದು. ಕಿಡ್ನಿ ಕೆಟ್ಟರೆ ಬಿಪಿ ಏರಿ, ರಕ್ತಹೀನತೆ ಬಂದು ಹೃದಯ ದಣಿಯುತ್ತದೆ; ಪೊಟ್ಯಾಸಿಯಂ ಏರಿದರೆ ಬಡಿತವೇ ತಪ್ಪಬಹುದು. ಈ ನಂಟಿಗೆ ವೈದ್ಯರು ಕಾರ್ಡಿಯೊರೀನಲ್ ಸಿಂಡ್ರೋಮ್ ಅನ್ನುತ್ತಾರೆ. 2008ರಲ್ಲಿ ಇಟಲಿಯ ಕ್ಲಾಡಿಯೊ ರೋಂಕೊ ಮತ್ತು ಸಂಗಡಿಗರು ಇದನ್ನು ಐದು ಬಗೆಯಾಗಿ ವಿಂಗಡಿಸಿದರು. ಈಗ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಎರಡೂ ಅಂಗಗಳಿಗೆ ನೆರವಾಗುತ್ತಿವೆ.

ನನಗೆ ನಿಜವಾಗಿ ಭಯವಿರುವುದು ನೋವಿನ ಮಾತ್ರೆಯದು. ನಮ್ಮ ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರಲ್ಲಿ ಮೂಳೆ, ಕೀಲು ನೋಯಿಸುವ ಫ್ಲೋರೈಡ್ ಇದೆ. ಹಿರಿಯೂರಿರಲಿ ಹೊಳಲ್ಕೆರೆಯಿರಲಿ, ಮಂಡಿನೋವು ಸೊಂಟನೋವು ಅನ್ನದ ಹಿರಿಯರು ಕಡಿಮೆ. ಮೆಡಿಕಲ್ ಶಾಪಿಗೆ ಹೋಗಿ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಅದು ಕಿಡ್ನಿಗೆ ಹೋಗುವ ರಕ್ತ ತಗ್ಗಿಸುತ್ತದೆ, ಮೈಯಲ್ಲಿ ನೀರು ನಿಲ್ಲಿಸುತ್ತದೆ, ಮೂತ್ರ ಹೋಗುವ ಲಾಸಿಕ್ಸ್‌ನಂಥ ಮಾತ್ರೆಯ ಬಲ ಕುಗ್ಗಿಸುತ್ತದೆ. ತಂದೆಯವರ ಡಬ್ಬಿಯಲ್ಲಿ ಅದಿದ್ದರೆ ಇವತ್ತೇ ತೆಗೆದಿಡಿ, ಡಾಕ್ಟರಿಗೂ ತಿಳಿಸಿ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಿಸಿ. ಕಡಿಮೆ ಸೋಡಿಯಂ ಉಪ್ಪು ಅಂತ ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೇಳದೆ ತರಬೇಡಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಡಾಕ್ಟರಿಗೆ ಫೋನ್ ಮಾಡಿ. ವಾಂತಿ ಭೇದಿ ಶುರುವಾದರೂ ಅಷ್ಟೇ, ಆಗ ಕೆಲವು ಮಾತ್ರೆಗಳನ್ನು ಅವರು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು.