ಗೊಬ್ಬರಕ್ಕೆ ಮೊದಲು ಸುಣ್ಣ

ಕಳೆದ ಕಾರ್ತಿಕದಲ್ಲಿ ಅಡಿಕೆ ಕೊಯ್ಲಿಗೆಂದು ಸಿಂದಗಿ ಸೀಮೆಯ ಮೋರಟಗಿ ಕಡೆಯಿಂದ ಬಂದಿದ್ದವರೊಬ್ಬರು, ನಾವು ತೋಟಕ್ಕೆ ಸುಣ್ಣ ಎರಚಿಸುತ್ತಿದ್ದುದನ್ನು ಕಂಡು ನಕ್ಕುಬಿಟ್ಟರು. "ನಮ್ಮ ಹೊಲದಾಗ ನೇಗಿಲಾ ಹೂಡಿದ್ರ ಸುಣ್ಣದ ಹರಳು ಏಳತಾವ್ರಿ. ನೀವು ರೊಕ್ಕಾ ಕೊಟ್ಟು ತಂದು ಒಗೀತೀರಲ್ರಿ!"

ಅವರ ಮಾತು ಸರಿಯೇ. ಅಲ್ಲಿಯ ಎರೆ ಭೂಮಿಗೆ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಅಷ್ಟು ಮಳೆಗೆ ಸುಣ್ಣ ತೊಳೆದುಹೋಗದೆ ಮಣ್ಣಿನಲ್ಲಿಯೇ ಹರಳುಗಟ್ಟುತ್ತದೆ. ನಮ್ಮ ಮಲೆನಾಡಿನಲ್ಲಾದರೋ ಅದರ ಮೂರು ನಾಲ್ಕು ಪಟ್ಟು ಮಳೆ ಸುರಿದು ಸುಣ್ಣ, ಮೆಗ್ನೀಷಿಯಂಗಳನ್ನು ಹಳ್ಳಕ್ಕೆ ಸಾಗಿಸುತ್ತದೆ. ಸಾಲದ್ದಕ್ಕೆ, ನಾವು ವರ್ಷ ವರ್ಷವೂ ಹಾಕುವ ಯೂರಿಯಾ, ಅಮೋನಿಯಂ ಸಲ್ಫೇಟುಗಳೂ ಮಣ್ಣನ್ನು ಹುಳಿ ಮಾಡುತ್ತವೆ.

ಈ ಹುಳಿಯನ್ನು ಅಳೆಯುವ ಮಾನವೇ ರಸಸಾರ. ಕಾಫಿಗೆ 6ರಿಂದ 6.5 ಹಿತ. ರಸಸಾರ 5 ಇರುವ ಮಣ್ಣು 6 ಇರುವ ಮಣ್ಣಿಗಿಂತ ಹತ್ತು ಪಟ್ಟು ಹುಳಿ ಎಂಬುದನ್ನು ಅನೇಕರು ಗಮನಿಸುವುದಿಲ್ಲ. 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ಹಾಕಿದ ರಂಜಕ ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು ಗಿಡಕ್ಕೆ ದಕ್ಕುವುದಿಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ ಎಂಬ ಶಿಫಾರಸನ್ನು ಚಾಚೂ ತಪ್ಪದೆ ಪಾಲಿಸಿಯೂ ಗರಿ ಹಳದಿಯಾಗಿದೆ ಎನ್ನುವವರು ಗೊಬ್ಬರ ಹೆಚ್ಚಿಸುವ ಮೊದಲು ಮಣ್ಣನ್ನು ನೋಡಬೇಕು.

"ವರ್ಷಕ್ಕೆರಡು ಸಲ ಬೋರ್ಡೊ ಹೊಡೆಯುತ್ತೇವಲ್ಲ, ಅದರ ಸುಣ್ಣ ಸಾಲದೆ?" ಎಂದು ಸದಸ್ಯರು ಕೇಳುವುದುಂಟು. ಲೆಕ್ಕ ಹಾಕೋಣ. ಶೇಕಡಾ ಒಂದರ ದ್ರಾವಣದ 100 ಲೀಟರಿಗೆ ಸುಣ್ಣ ಒಂದು ಕಿಲೋ. ಒಂದು ಮರಕ್ಕೆ ಲೀಟರು ಬಿದ್ದರೂ 10 ಗ್ರಾಂ. ಅದರಲ್ಲೂ ಒಂದು ಪಾಲು ಮೈಲುತುತ್ತದ ಹುಳಿ ಮುರಿಯುವುದಕ್ಕೇ ಖರ್ಚಾಗಿರುತ್ತದೆ. ಹುಳಿ ಮಣ್ಣಿನ ಅಡಿಕೆಗೆ ಬೇಕಾದ್ದು ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ. ಕಾಫಿಗೆ ಎಷ್ಟೆಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಪರೀಕ್ಷೆಯಲ್ಲಿ ರಸಸಾರ 6 ದಾಟಿದ್ದರೆ ಸುಣ್ಣ ಬೇಡ. ಅತಿಯಾದರೆ ಸತು, ಕಬ್ಬಿಣ ಸಿಗದಾಗುತ್ತವೆ.

ಇನ್ನು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಹಿಂದೊಮ್ಮೆ ಆಳುಗಳ ಕೂಲಿ ಉಳಿಯಲೆಂದು ಸುಣ್ಣವನ್ನೂ ಅಮೋನಿಯಂ ಸಲ್ಫೇಟನ್ನೂ ಒಂದೇ ದಿನ ಹಾಕಿಸಿದೆವು. ಮಧ್ಯಾಹ್ನ ತೋಟಕ್ಕಿಳಿದರೆ ಮೂಗು ಮುಚ್ಚುವಷ್ಟು ಘಾಟು. ಸಾರಜನಕವೆಲ್ಲ ಗಾಳಿಗೆ ಹಾರುತ್ತಿತ್ತು! ಉಳಿದ ಕೂಲಿಯ ಹಲವು ಪಟ್ಟು ಗೊಬ್ಬರದ ಹಣ ಹೋಯಿತು. ಕೊಟ್ಟಿಗೆ ಗೊಬ್ಬರದೊಂದಿಗೂ ಸುಣ್ಣ ಬೆರೆಸಬಾರದು. ರಾಕ್ ಫಾಸ್ಫೇಟ್ ಕರಗುವುದೇ ಹುಳಿಯಲ್ಲಿ. ಅದರ ಜೊತೆಗೂ ಬೇಡ. ಸುಣ್ಣಕ್ಕೂ ಗೊಬ್ಬರಕ್ಕೂ ತಿಂಗಳೊಪ್ಪತ್ತಿನ ಅಂತರವಿರಲಿ. ಮಳೆ ಹಿಂದೆ ಸರಿದು ಮಣ್ಣಿನಲ್ಲಿ ಇನ್ನೂ ಹಸಿಯಿರುವಾಗ ಎರಚಿ, ಬೇರಿಗೆ ಪೆಟ್ಟಾಗದಂತೆ ಮೇಲೆ ಮೇಲೆ ಕೆದಕಿಸಿರಿ. ಮೆಗ್ನೀಷಿಯಂ ಕೊರತೆ ಕಂಡಲ್ಲಿ ಡೋಲೊಮೈಟ್ ಮೇಲು.

ಮಾದರಿ ತೆಗೆಯಲು, ಗೊಬ್ಬರ ಹಾಕಿ ಎರಡು ತಿಂಗಳಾದರೂ ಕಳೆದಿರಬೇಕು. ತರಗೆಲೆ ಸರಿಸಿ, ಒಂಬತ್ತು ಅಂಗುಲದವರೆಗೆ, ತಾಕಿನ ಹತ್ತಾರು ಕಡೆ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋ ನೆರಳಿನಲ್ಲಿ ಒಣಗಿಸಿ. ಗದ್ದೆಯಂಚಿನ ತೋಟದ್ದನ್ನೂ ಗುಡ್ಡದ ತೋಟದ್ದನ್ನೂ ಕೂಡಿಸಬೇಡಿ. ಹೆಸರು, ತಾಕು, ಬೆಳೆ ಬರೆದ ಚೀಟಿಯೊಡನೆ ಬಟ್ಟೆ ಚೀಲದಲ್ಲಿ ಸಂಘದ ಕಚೇರಿಗೆ ತಲುಪಿಸಿದರೆ ಎಲ್ಲವನ್ನೂ ಒಟ್ಟಿಗೆ ಪರೀಕ್ಷೆಗೆ ಕಳುಹಿಸುತ್ತೇವೆ.